ಓದುಗರ ಪ್ರಶ್ನೆ: ಕಟ್ಟಡವೇ ಸುಟ್ಟರೆ ಕ್ಲೌಡ್‌ನಲ್ಲಿಟ್ಟದ್ದು ಉಳಿಯುತ್ತದೆಯೇ?

ಪ್ರಶ್ನೆ: ಮೇಡಂ, ನಮಸ್ಕಾರ. ದಾವಣಗೆರೆಯಲ್ಲಿ 22 ವರ್ಷದಿಂದ ಫೋಟೋ ಸ್ಟುಡಿಯೋ ನಡೆಸುತ್ತಿದ್ದೇನೆ. ಮದುವೆ, ಗೃಹಪ್ರವೇಶ, ನಾಮಕರಣ ಎಲ್ಲ ಸೇರಿ 4 ಟಿಬಿಯಷ್ಟು ಫೋಟೋ, ವಿಡಿಯೋ ಕ್ಲೌಡ್‌ಗೆ ಹಾಕಿಟ್ಟಿದ್ದೇನೆ. ದಕ್ಷಿಣ ಕೊರಿಯಾದಲ್ಲಿ ಸರ್ಕಾರದ ಡೇಟಾ ಸೆಂಟರ್ ಸುಟ್ಟು ನೌಕರರ ಕಡತಗಳೆಲ್ಲ ಹೋದವೆಂದು ಓದಿದ ಮೇಲೆ ಸರಿಯಾಗಿ ನಿದ್ದೆ ಬರುತ್ತಿಲ್ಲ. ನಾನು ಹಾಕಿದ್ದು ಎಲ್ಲಿ ಕೂತಿದೆ? ಆ ಕಟ್ಟಡಕ್ಕೆ ಬೆಂಕಿ ಬಿದ್ದರೆ ಗಿರಾಕಿಗಳಿಗೆ ಏನೆಂದು ಹೇಳಲಿ?

ಉತ್ತರ: ನೀವು ಓದಿದ್ದು ನಿಜ. ನಿಮಗೆ ಬೇಕಾದ ಉತ್ತರವೂ ಆ ಬೆಂಕಿಯಲ್ಲೇ ಇರುವುದರಿಂದ ಮೊದಲು ಅದನ್ನೇ ಬಿಡಿಸಿ ಹೇಳುತ್ತೇನೆ.

2025ರ ಸೆಪ್ಟೆಂಬರ್ 26ರ ರಾತ್ರಿ. ದೇಜಾನ್ ನಗರದಲ್ಲಿರುವ ಅಲ್ಲಿನ ಸರ್ಕಾರದ ಮಾಹಿತಿ ಕೇಂದ್ರದ ಐದನೇ ಮಹಡಿ. ಯುಪಿಎಸ್‌ನ ಲಿಥಿಯಂ ಬ್ಯಾಟರಿಗಳು ಸರ್ವರ್‌ಗಳ ಪಕ್ಕದಲ್ಲಿರುವುದು ಅಪಾಯವೆಂದು ಅವನ್ನು ಬೇರೆಡೆಗೆ ಸಾಗಿಸುವ ಕೆಲಸ ನಡೆದಿತ್ತು. ಆ ಕೆಲಸದ ನಡುವೆಯೇ ಬೆಂಕಿ ಹೊತ್ತಿತು. ಪೂರ್ತಿ ಆರಿಸಲು ಸುಮಾರು 22 ಗಂಟೆ ಬೇಕಾಯಿತು. ಒಳಗೆ ಕೂಲಿಂಗ್ ನಿಂತು ಶಾಖ ಏರುತ್ತಿದ್ದರಿಂದ ಸರ್ಕಾರದ 709 ವ್ಯವಸ್ಥೆಗಳು ಸ್ತಬ್ಧವಾದವು. ಅವುಗಳಲ್ಲಿ ನೇರವಾಗಿ ಬೆಂಕಿಗೆ ಸಿಕ್ಕಿದ್ದು 96. ಉಳಿದವನ್ನು ಒಂದೊಂದಾಗಿ ಮೇಲೆತ್ತಿದರು. ಆದರೆ ನೌಕರರು ದಿನನಿತ್ಯದ ಕಡತಗಳನ್ನು ಇಡುತ್ತಿದ್ದ ಜಿ-ಡ್ರೈವ್ ಎಂಬ ಕ್ಲೌಡ್ ಇತ್ತಲ್ಲ, ತಲಾ 30 ಜಿಬಿ ಜಾಗ ಕೊಟ್ಟಿದ್ದ ಆ ವ್ಯವಸ್ಥೆಯ 858 ಟಿಬಿ ಪೂರ್ತಿ ಹೋಯಿತು. ಹೊರಗೆ ಅದರ ಪ್ರತಿ ಇರಲಿಲ್ಲ. ಗಾತ್ರ ದೊಡ್ಡದಾದ್ದರಿಂದ ಬ್ಯಾಕಪ್ ತೆಗೆಯಲಾಗಲಿಲ್ಲ ಎಂಬುದು ಕೊಟ್ಟ ಕಾರಣ.

ಈ ಕಾರಣ ಓದಿದಾಗ ನನಗೆ ಬಂದ ಸಿಟ್ಟನ್ನು ಮುಚ್ಚಿಡುವುದಿಲ್ಲ. ಇಂದು ಅಂಗಡಿಯಲ್ಲಿ ಸಿಗುವ 20 ಟಿಬಿಯ ಹಾರ್ಡ್ ಡಿಸ್ಕ್ ಲೆಕ್ಕದಲ್ಲಿ 858 ಟಿಬಿ ಎಂದರೆ 43 ಡಿಸ್ಕ್. ನಿಮ್ಮ ಸ್ಟುಡಿಯೋದ ಒಂದು ಬೀರುವಿನಲ್ಲಿ ಹಿಡಿಸುತ್ತದೆ. ಬ್ಯಾಕಪ್ ಎಂದರೆ ಬರೀ ಡಿಸ್ಕ್ ಅಲ್ಲ, ಅದನ್ನು ನಡೆಸುವ ಜನ, ಯಂತ್ರ, ಲೈನ್ ಎಲ್ಲ ಬೇಕು. ಒಂದು ಸಣ್ಣ ಸಂಸ್ಥೆಗೆ ಅದು ಭಾರವಾಗಬಹುದು, ಒಂದು ದೇಶಕ್ಕೆ ಅಲ್ಲ. ಅದೇ ಸಂಸ್ಥೆಗೆ ಗ್ವಾಂಗ್ಜು ಮತ್ತು ದೇಗು ನಗರಗಳಲ್ಲಿ ಬೇರೆ ಕೇಂದ್ರಗಳೂ ಇದ್ದವು. ಅಲ್ಲಿಗೆ ಒಂದು ಪ್ರತಿ ಹೋಗಿ ಕೂತಿದ್ದರೆ ಆ ನೌಕರರ ಎಷ್ಟೋ ವರ್ಷಗಳ ಕೆಲಸ ಉಳಿಯುತ್ತಿತ್ತು.

ಈಗ ನಿಮ್ಮ ಫೋಟೋಗಳ ವಿಷಯಕ್ಕೆ ಬರೋಣ. ನಾನು ಬೆಂಗಳೂರಿನಲ್ಲಿ 19 ವರ್ಷ ಸ್ಟೋರೇಜ್ ವಿಭಾಗದಲ್ಲಿ ಕೆಲಸ ಮಾಡಿದೆ, ಅದರಲ್ಲಿ ಮೊದಲ ಆರು ವರ್ಷ ಬಹುಪಾಲು ರಾತ್ರಿ ಪಾಳಿ. ಡೇಟಾ ಸೆಂಟರ್‌ನ ಒಳಗೆ ರಾತ್ರಿ ಎರಡು ಗಂಟೆಗೆ ಸ್ವೆಟರ್ ಹಾಕಿಕೊಂಡು ಸಾಲುಗಳ ನಡುವೆ ನಡೆಯುವುದು ನಮ್ಮ ದಿನಚರಿ. ಫ್ಯಾನ್‌ಗಳ ಸದ್ದಿಗೆ ಪಕ್ಕದವರ ಮಾತು ಕೇಳಿಸುವುದಿಲ್ಲ. ಸಾವಿರಾರು ಹಸಿರು ದೀಪಗಳ ನಡುವೆ ಎಲ್ಲೋ ಒಂದು ಕಿತ್ತಳೆ ದೀಪ. ಅಂದರೆ ಅಲ್ಲಿ ಒಂದು ಡಿಸ್ಕ್ ಸತ್ತಿದೆ. ಹಿಡಿಕೆ ಎಳೆದು ಅದನ್ನು ಕೀಳಬೇಕು. ಕೈಗೆ ಬಿಸಿ ತಾಗುತ್ತದೆ. ಹೊಸದನ್ನು ಒಳಕ್ಕೆ ತಳ್ಳಿದರೆ ‘ಟಕ್’ ಎಂದು ಕೂರುತ್ತದೆ. ಆಮೇಲೆ ಪರದೆಯ ಮೇಲೆ ಶೇ. 1, ಶೇ. 2 ಎಂದು ಮರುಭರ್ತಿ ಸಾಗುವುದನ್ನು ನೋಡುತ್ತಾ ಕಾಯುವುದು. ಆ ಡಿಸ್ಕ್‌ನಲ್ಲಿದ್ದದ್ದು ಯಾರ ಮದುವೆಯ ಫೋಟೋವೋ, ಯಾರ ಬ್ಯಾಂಕಿನ ಲೆಕ್ಕವೋ, ಅವರಿಗೆ ಈ ಸಂಗತಿ ಗೊತ್ತೇ ಆಗುವುದಿಲ್ಲ. ಅದೇ ಮಾಹಿತಿ ಬೇರೆ ಡಿಸ್ಕ್‌ಗಳಲ್ಲಿ ಆಗಲೇ ಇರುತ್ತದೆ, ಅಲ್ಲಿಂದ ಹೊಸದಕ್ಕೆ ಬಂದು ತುಂಬಿಕೊಳ್ಳುತ್ತದೆ. ದೊಡ್ಡ ಡೇಟಾ ಸೆಂಟರ್‌ನಲ್ಲಿ ಡಿಸ್ಕ್ ಸಾಯುವುದು ಅಪಘಾತವಲ್ಲ, ದಿನದ ಕೆಲಸ.

ಆದ್ದರಿಂದ ಕ್ಲೌಡ್ ಕಟ್ಟುವವರು ಎಷ್ಟು ಪ್ರತಿ ಎನ್ನುವುದಕ್ಕಿಂತ ಹೆಚ್ಚಾಗಿ ಕೇಳಿಕೊಳ್ಳುವ ಪ್ರಶ್ನೆ ಇನ್ನೊಂದು: ಈ ಪ್ರತಿಗಳನ್ನೆಲ್ಲ ಒಂದೇ ಏಟಿಗೆ ಹೊಡೆಯಬಲ್ಲದ್ದು ಯಾವುದು? ಮೂರು ಪ್ರತಿಗಳೂ ಒಂದೇ ಸರ್ವರ್‌ನಲ್ಲಿದ್ದರೆ ಅದರ ಪವರ್ ಸಪ್ಲೈ ಸುಟ್ಟರೆ ಮುಗಿಯಿತು, ಹಾಗಾಗಿ ಬೇರೆ ಬೇರೆ ಸರ್ವರ್. ಸರ್ವರ್‌ಗಳನ್ನು ಜೋಡಿಸಿಡುವ ಒಂದೇ ರ‍್ಯಾಕ್‌ನಲ್ಲಿದ್ದರೆ ಆ ರ‍್ಯಾಕ್‌ನ ವಿದ್ಯುತ್ ಲೈನ್ ಹೋದಾಗ ಮೂರೂ ಹೋಗುತ್ತವೆ, ಹಾಗಾಗಿ ಬೇರೆ ಬೇರೆ ರ‍್ಯಾಕ್. ಇಷ್ಟಕ್ಕೇ ನಿಲ್ಲಿಸಿದರೆ ಅದು ಒಂದೇ ಕಟ್ಟಡದೊಳಗಿನ ರಕ್ಷಣೆ. ಡಿಸ್ಕ್ ಸತ್ತರೆ ತಡೆಯುತ್ತದೆ, ಕಟ್ಟಡ ಸುಟ್ಟರೆ ತಡೆಯುವುದಿಲ್ಲ.

ಕಟ್ಟಡದ ಭಯಕ್ಕೆ ಮಾಡಿಕೊಂಡ ಏರ್ಪಾಡಿನ ಹೆಸರು ಝೋನ್. ಒಂದೇ ಪ್ರದೇಶದಲ್ಲಿ ಕೆಲವು ಕಿಲೋಮೀಟರ್‌ಗಳ ಅಂತರದಲ್ಲಿ ಬೇರೆ ಬೇರೆ ಕಟ್ಟಡಗಳು, ಪ್ರತಿಯೊಂದಕ್ಕೂ ತನ್ನದೇ ವಿದ್ಯುತ್, ತನ್ನದೇ ಕೂಲಿಂಗ್. ನಿಮ್ಮ ಊರಿನ ಲೆಕ್ಕದಲ್ಲಿ ಹೇಳುವುದಾದರೆ ಒಂದು ದಾವಣಗೆರೆಯಲ್ಲಿ, ಇನ್ನೊಂದು ಹರಿಹರದಲ್ಲಿ ಇದ್ದ ಹಾಗೆ. ಹರಿಹರದಲ್ಲಿ ತುಂಗಭದ್ರೆ ಉಕ್ಕಿ ನೀರು ನುಗ್ಗಿದರೂ ದಾವಣಗೆರೆಯದು ಒಣಗಿರುತ್ತದೆ. ಅಮೆಜಾನ್‌ನ ಎಸ್3 ಸಂಗ್ರಹದ ಸಾಮಾನ್ಯ ದರ್ಜೆಯಲ್ಲಿ ಒಂದು ಫೈಲ್ ಕನಿಷ್ಠ ಮೂರು ಝೋನ್‌ಗಳಲ್ಲಿ ಹರಡಿಕೊಂಡಿರುತ್ತದೆ. ಝೋನ್‌ಗಳು ಒಂದಕ್ಕೊಂದು 100 ಕಿ.ಮೀ. ಒಳಗೇ ಇರಬೇಕೆಂಬುದು ಅವರ ನಿಯಮ. ಏಕೆಂದರೆ ನೀವು ಫೋಟೋ ಕಳಿಸಿದಾಗ ‘ಸೇರಿತು’ ಎಂಬ ಉತ್ತರ ಬರಬೇಕಾದರೆ ಮೊದಲು ಅದು ಬೇರೆ ಕಟ್ಟಡದಲ್ಲೂ ಬರೆದಾಗಿರಬೇಕು. ಫೈಬರ್ ಕೇಬಲ್ಲಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. 100 ಕಿ.ಮೀ. ಹೋಗಿ ಬರಲು ಸೆಕೆಂಡಿನ ಸಾವಿರದ ಒಂದು ಭಾಗ ಸಾಕು. ಅಷ್ಟು ಕಾಯಬಹುದು.

ಇಡೀ ನಗರಕ್ಕೇ ಆಪತ್ತು ಬಂದರೆ? ಅದಕ್ಕೆ ಇನ್ನೂ ದೂರದ ಪ್ರತಿ ಬೇಕು. ಮೈಕ್ರೋಸಾಫ್ಟ್‌ನ ಅಝೂರ್‌ನಲ್ಲಿ ಪುಣೆ ಮತ್ತು ಚೆನ್ನೈ ಕೇಂದ್ರಗಳು ಜೋಡಿ. ದೂರದ ಪ್ರತಿ ಬೇಕೆಂದು ಆಯ್ಕೆ ಮಾಡಿಕೊಂಡವರಿಗೆ ಇಲ್ಲಿ ಮೂರು, ಅಲ್ಲಿ ಮೂರು, ಒಟ್ಟು ಆರು ಪ್ರತಿ. ಅಮೆಜಾನ್ 2016ರಲ್ಲಿ ಮುಂಬೈಯಲ್ಲೂ 2022ರಲ್ಲಿ ಹೈದರಾಬಾದಿನಲ್ಲೂ ಕೇಂದ್ರ ತೆರೆದಿದೆ. ಆದರೆ ಇಷ್ಟು ದೂರವಾದಾಗ ಪ್ರತಿ ಸಲ ಕಾಯುತ್ತಾ ಕೂರಲಾಗುವುದಿಲ್ಲ. ಮೊದಲು ಇಲ್ಲಿ ಬರೆದು ‘ಸೇರಿತು’ ಎಂದು ಹೇಳಿ, ಆಮೇಲೆ ಅಲ್ಲಿಗೆ ಕಳಿಸುತ್ತಾರೆ. ಹೀಗಾಗಿ ಇಲ್ಲಿಯದು ಏಕಾಏಕಿ ನಾಶವಾದರೆ ಕೊನೆಯ ಕೆಲವು ನಿಮಿಷಗಳಲ್ಲಿ ಹಾಕಿದ್ದು ಅಲ್ಲಿಗೆ ತಲುಪದೇ ಹೋಗಿರಬಹುದು. ನಿಮ್ಮಂಥವರಿಗೆ ಅದರಿಂದ ತೊಂದರೆಯಿಲ್ಲ, ಬ್ಯಾಂಕಿಗೆ ಇದೆ.

ಈಗ ಎಚ್ಚರಿಕೆಯ ಮಾತು. ಇದೆಲ್ಲ ತಾನಾಗಿಯೇ ನಿಮಗೆ ಸಿಗುತ್ತದೆ ಎಂದುಕೊಳ್ಳಬೇಡಿ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಎಸ್‌ಬಿಜಿ2 ಎಂಬ ಡೇಟಾ ಸೆಂಟರ್ ನಡುರಾತ್ರಿ ಸುಟ್ಟುಹೋಯಿತು. ಯಾರಿಗೂ ಗಾಯವಾಗಲಿಲ್ಲ, ಅದು ದೊಡ್ಡ ಸಮಾಧಾನ. ಆದರೆ ಅಲ್ಲಿ ಎಸ್‌ಬಿಜಿ1ರಿಂದ 4ರವರೆಗೆ ನಾಲ್ಕು ಹೆಸರುಗಳಿದ್ದರೂ ಎಲ್ಲ ನಿಂತಿದ್ದದ್ದು ಒಂದೇ ಆವರಣದಲ್ಲಿ. ಎರಡನೆಯದು ಪೂರ್ತಿ ಹೋಯಿತು, ಒಂದನೆಯದರ ಒಂದು ಭಾಗ ಹೋಯಿತು, ಬೆಂಕಿ ತಾಗದ ಇನ್ನೆರಡರ ವಿದ್ಯುತ್ತನ್ನೂ ತೆಗೆಯಬೇಕಾಯಿತು. ‘ರಸ್ಟ್’ ಎಂಬ ಆಟ ನಡೆಸುವವರ ಯುರೋಪಿನ 25 ಸರ್ವರ್‌ಗಳ ಮಾಹಿತಿ ಮರಳಲೇ ಇಲ್ಲ. ಬೇರೆ ಊರಿನಲ್ಲಿ ಪ್ರತಿ ಇಟ್ಟುಕೊಂಡಿದ್ದ ಗ್ರಾಹಕರು ಅಲ್ಲಿಂದ ಕೆಲಸ ಮುಂದುವರಿಸಿದರು.

ಹಾಗಾಗಿ ನೀವು ಮಾಡಬೇಕಾದ್ದು ಇದು. ನಿಮಗೆ ಆ ಜಾಗ ಮಾರಿದವರಿಗೆ ಫೋನ್ ಮಾಡಿ, “ನನ್ನ ಫೈಲ್ ಎಷ್ಟು ಕಟ್ಟಡಗಳಲ್ಲಿದೆ, ಯಾವ ಯಾವ ಊರಿನಲ್ಲಿ?” ಎಂದು ಕೇಳಿ. “ಸೇಫ್ ಆಗಿದೆ ಸರ್” ಎಂಬುದು ಇದಕ್ಕೆ ಉತ್ತರವಲ್ಲ, ಊರಿನ ಹೆಸರು ಬೇಕು. ಅದೇ ಎಸ್3ಯಲ್ಲಿ ಒಂದೇ ಝೋನ್‌ನಲ್ಲಿ ಇಡುವ ಅಗ್ಗದ ದರ್ಜೆಯೂ ಇದೆ. ನಿಮ್ಮದು ಅಂಥದ್ದಾದರೆ ಮದುವೆ ಫೋಟೋಗಳನ್ನು ಅಲ್ಲಿಂದ ಮೇಲಿನ ದರ್ಜೆಗೆ ಬದಲಾಯಿಸಿ. ಫೋಟೋ ಹೋಯಿತೆಂದು ಅದೇ ಮದುವೆಯನ್ನು ಇನ್ನೊಮ್ಮೆ ಮಾಡಿಸಲಾಗುವುದಿಲ್ಲ, ಇದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಪ್ರಶ್ನೆ: ಹಾಸನದ ಪಾಲಿಟೆಕ್ನಿಕ್ ಒಂದರಲ್ಲಿ ಪಾಠ ಮಾಡುತ್ತೇನೆ. ಪ್ರತಿಯೊಂದು ಫೈಲಿಗೂ ಮೂರು ಪ್ರತಿ ಎಂದರೆ ಮೂರು ಪಟ್ಟು ಖರ್ಚು. ಲಕ್ಷಾಂತರ ಜನರ ವಿಡಿಯೋಗಳನ್ನು ಹೀಗೆ ಇಡಲು ಕಂಪನಿಗಳಿಗೆ ಹೇಗೆ ಗಿಟ್ಟುತ್ತದೆ? ಮಕ್ಕಳು ಕೇಳಿದರು, ಸರಿಯಾಗಿ ಹೇಳಲು ಆಗಲಿಲ್ಲ.

ಉತ್ತರ: ಮಕ್ಕಳು ಕೇಳಿದ ಪ್ರಶ್ನೆಯೆಂದು ನೋಡಿ ತುಂಬಾ ಖುಷಿಯಾಯಿತು, ಮೇಷ್ಟ್ರೇ. ಬೋರ್ಡಿನ ಮೇಲೆ ಹೀಗೆ ಮಾಡಿ ತೋರಿಸಿ.

ಮೂವರು ಹುಡುಗರ ಕೈಗೆ ಒಂದೊಂದು ಚೀಟಿ ಕೊಡಿ: 27, 45, 18. ನಾಲ್ಕನೆಯವನ ಚೀಟಿಯಲ್ಲಿ ಮೂರರ ಮೊತ್ತ, 90. ಈಗ 45ರ ಚೀಟಿ ಹರಿದುಹಾಕಿ. 90ರಲ್ಲಿ 27 ಮತ್ತು 18 ಕಳೆದರೆ 45 ಮತ್ತೆ ಬಂತು. ಯಾವ ಚೀಟಿ ಹರಿದರೂ ಉಳಿದ ಮೂರರಿಂದ ಅದನ್ನು ಹುಟ್ಟಿಸಬಹುದು. ಮೂರು ಚೀಟಿಗೆ ಇಮ್ಮಡಿ ಪ್ರತಿ ಇಡಲು ಇನ್ನೂ ಮೂರು ಚೀಟಿ ಬೇಕಿತ್ತು. ಇಲ್ಲಿ ಒಂದರಲ್ಲೇ ಕೆಲಸವಾಯಿತು.

ಎರಡು ಚೀಟಿ ಒಟ್ಟಿಗೆ ಹರಿದರೆ ಈ ಲೆಕ್ಕ ಸೋಲುತ್ತದೆ. ಆಗ ಎರಡನೆಯ, ಬೇರೆ ಥರದ ಮೊತ್ತ ಬೇಕು. ಮೊದಲನೆಯದನ್ನು ಒಂದರಿಂದ, ಎರಡನೆಯದನ್ನು ಎರಡರಿಂದ, ಮೂರನೆಯದನ್ನು ಮೂರರಿಂದ ಗುಣಿಸಿ ಕೂಡಿಸಿ: 27, 90, 54, ಒಟ್ಟು 171. ಈಗ 27 ಮತ್ತು 45 ಎರಡನ್ನೂ ಹರಿದುಹಾಕಿ. ಕೈಯಲ್ಲಿ 18 ಇದೆ, ಎರಡು ಮೊತ್ತಗಳಿವೆ, ಎರಡು ಸಮೀಕರಣ, ಎರಡು ಅವ್ಯಕ್ತ. ಬಿಡಿಸುವುದು ನಿಮ್ಮ ಮಕ್ಕಳಿಗೆ ಎರಡು ನಿಮಿಷದ ಕೆಲಸ. 1960ರಲ್ಲಿ ಇರ್ವಿಂಗ್ ರೀಡ್ ಮತ್ತು ಗುಸ್ಟಾವ್ ಸಾಲೊಮನ್ ಎಂಬಿಬ್ಬರು ಈ ಬಗೆಯ ಲೆಕ್ಕವನ್ನು ಎಷ್ಟು ಚೂರು ಕಳೆದರೂ ಹುಟ್ಟಿಸಿಕೊಳ್ಳುವಂತೆ ವಿಸ್ತರಿಸಬಹುದೆಂದು ತೋರಿಸಿದರು. ಎಷ್ಟು ಚೂರು ಕಳೆಯಬಹುದೋ ಅಷ್ಟು ಮೊತ್ತದ ಚೂರುಗಳನ್ನು ಸೇರಿಸಿಟ್ಟರೆ ಸಾಕು. ಸಿ.ಡಿ. ಗೀಚಿಕೊಂಡರೂ ಹಾಡು ಬರುತ್ತಿದ್ದದ್ದು ಇದರಿಂದಲೇ. ತರಕಾರಿ ಅಂಗಡಿಯ ಕ್ಯೂಆರ್ ಚೀಟಿಯ ನಡುವೆ ಅರಿಶಿನದ ಸಣ್ಣ ಕಲೆ ಬಿದ್ದರೂ ಹಣ ಹೋಗುವುದೂ ಇದರಿಂದಲೇ. ಮಕ್ಕಳ ಫೋನಿನಲ್ಲೇ ಒಂದು ಕ್ಯೂಆರ್‌ನ ನಡುವೆ ಸಣ್ಣ ಕಾಗದದ ಚೂರು ಅಂಟಿಸಿ ಸ್ಕ್ಯಾನ್ ಮಾಡಿಸಿ ನೋಡಿ.

ಡೇಟಾ ಸೆಂಟರ್‌ನಲ್ಲಿ: ಬ್ಯಾಕ್‌ಬ್ಲೇಝ್ ಎಂಬ ಅಮೆರಿಕದ ಸಂಗ್ರಹ ಕಂಪನಿ ಒಂದು ಫೈಲನ್ನು 17 ಚೂರು ಮಾಡಿ, ಲೆಕ್ಕದ 3 ಚೂರು ಸೇರಿಸಿ, 20 ಬೇರೆ ಬೇರೆ ಯಂತ್ರಗಳಲ್ಲಿ ಹಂಚುವ ತನ್ನ ವಿಧಾನವನ್ನು 2015ರಲ್ಲೇ ಬಹಿರಂಗಪಡಿಸಿತು. ಯಾವುದೇ ಮೂರು ಯಂತ್ರ ಸತ್ತರೂ ಫೈಲ್ ಬದುಕಿರುತ್ತದೆ, ಹೆಚ್ಚುವರಿ ಜಾಗ ಐದನೇ ಒಂದು ಭಾಗಕ್ಕಿಂತ ಕಡಿಮೆ. ಫೇಸ್‌ಬುಕ್ ಹಳೆಯ ಫೋಟೋಗಳಿಗೆ 10 ಚೂರಿಗೆ ಲೆಕ್ಕದ 4 ಚೂರು ಸೇರಿಸುವ ವಿಧಾನ ಹಿಡಿಯಿತು. ಗಿಟ್ಟುವುದು ಹೀಗೆ. ಇದಕ್ಕೆ ಬೆಲೆಯೂ ಇದೆ: ಒಂದು ಚೂರು ಕೆಟ್ಟರೆ ಅದನ್ನು ಮರಳಿ ಹುಟ್ಟಿಸಲು ಹತ್ತು ಹದಿನೇಳು ಯಂತ್ರಗಳಿಂದ ಓದಿಕೊಂಡು ಬರಬೇಕು. ಅದಕ್ಕೇ ಪದೇ ಪದೇ ಬೇಕಾಗುವ ಮಾಹಿತಿಗೆ ಪೂರ್ತಿ ಪ್ರತಿಗಳು, ಅಪರೂಪಕ್ಕೆ ತೆರೆಯುವುದಕ್ಕೆ ಚೂರುಗಳು ಎಂದು ಹಂಚಿಕೊಳ್ಳುವುದು ರೂಢಿ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಲೆಕ್ಕಪತ್ರದ ಕೆಲಸ ಮಾಡ್ತೀನ್ರೀ. ಜಿಎಸ್‌ಟಿ ಕಟ್ಟೋ ಕಡೇ ದಿನ ಕ್ಲೌಡ್‌ನ್ಯಾಗಿನ ಫೈಲ್ ಎರಡು ತಾಸು ತೆರೀಲೇ ಇಲ್ಲ. ಎಲ್ಲಾ ಹೋತು ಅಂತ ಕೈಕಾಲು ತಣ್ಣಗಾತು. ಆಮ್ಯಾಲೆ ತಾನಾಗೇ ಬಂತು. ಆ ಎರಡು ತಾಸು ಫೈಲ್ ಎಲ್ಲಿ ಹೋಗಿತ್ತು?

ಉತ್ತರ: ಎಲ್ಲೂ ಹೋಗಿರಲಿಲ್ಲ. ಕೈಗೆ ಸಿಗದಿರುವುದು ಬೇರೆ, ಕಳೆದುಹೋಗುವುದು ಬೇರೆ. ಬ್ಯಾಂಕ್ ಲಾಕರಿನ ಕೀಲಿ ಮುರಿದಾಗ ಒಡವೆ ಒಳಗೇ ಇರುತ್ತದಲ್ಲ, ಹಾಗೆ. 2017ರ ಫೆಬ್ರವರಿ 28ರಂದು ಅಮೆರಿಕದ ವರ್ಜೀನಿಯಾದಲ್ಲಿ ಅಮೆಜಾನ್‌ನ ನೌಕರರೊಬ್ಬರು ಒಂದು ಆಜ್ಞೆಯನ್ನು ತಪ್ಪಾಗಿ ಟೈಪ್ ಮಾಡಿದ್ದರಿಂದ ತೆಗೆಯಬೇಕಾದ್ದಕ್ಕಿಂತ ಹೆಚ್ಚು ಸರ್ವರ್‌ಗಳು ಹೊರಬಿದ್ದವು. ಯಾವ ಫೈಲ್ ಎಲ್ಲಿದೆ ಎಂದು ಹೇಳುವ ಸೂಚಿಯೇ ನಿಂತಿತು. ನಾಲ್ಕು ಗಂಟೆಗೂ ಮೀರಿ ಅಸಂಖ್ಯ ವೆಬ್‌ಸೈಟ್‌ಗಳು ತೆರೆಯಲಿಲ್ಲ. ಫೈಲ್‌ಗಳು ಇದ್ದಲ್ಲೇ ಇದ್ದವು.

ನನ್ನ ಅನುಭವದಲ್ಲಿ ಇಂಥ ಹೊತ್ತಿನಲ್ಲಿ ಕೆಡುಕು ಮಾಡುವುದು ಗಾಬರಿ. 2015ರ ಡಿಸೆಂಬರ್‌ನಲ್ಲಿ ಚೆನ್ನೈ ಮುಳುಗಿದಾಗ ನಮ್ಮ ಎರಡನೇ ಕೇಂದ್ರ ಅಲ್ಲಿತ್ತು. ಕಟ್ಟಡಕ್ಕೆ ನೀರು ನುಗ್ಗಲಿಲ್ಲ. ಆದರೆ ಕರೆಂಟ್ ಹೋಗಿ ಎಲ್ಲ ಜನರೇಟರ್ ಮೇಲೆ ನಡೆಯುತ್ತಿತ್ತು, ಡೀಸೆಲ್ ಲಾರಿ ರಸ್ತೆಯಲ್ಲೇ ಸಿಕ್ಕಿಬಿದ್ದಿತ್ತು. ಅಲ್ಲಿನ ಹುಡುಗ ತಾಸಿಗೊಮ್ಮೆ ಟ್ಯಾಂಕಿಗೆ ಕೋಲು ಇಳಿಸಿ ಅಳತೆ ಹೇಳುತ್ತಿದ್ದ, ನಾನು ಬೆಂಗಳೂರಿನಲ್ಲಿ ಕಾಗದದ ಮೇಲೆ ಬರೆದುಕೊಳ್ಳುತ್ತಿದ್ದೆ. ಇನ್ನು ಆರು ತಾಸಿನಷ್ಟು ಉಳಿದಿದೆ ಎಂದಾಗ ಗಡಿಬಿಡಿಯಿಲ್ಲದೆ ಎಲ್ಲವನ್ನೂ ಬೆಂಗಳೂರಿನ ಪ್ರತಿಯ ಮೇಲೆ ತಿರುಗಿಸಿಕೊಂಡು ಅಲ್ಲಿಯ ಯಂತ್ರಗಳನ್ನು ಸರಿಯಾದ ಕ್ರಮದಲ್ಲಿ ಆರಿಸಿದೆವು. ಒಂದು ಸಾಲೂ ಕಳೆಯಲಿಲ್ಲ. ನೀವೂ ಫೈಲ್ ತೆರೆಯದಿದ್ದಾಗ ಅಳಿಸುವುದು, ಲಾಗ್‌ಔಟ್ ಮಾಡುವುದು, ಆ್ಯಪ್ ಕಿತ್ತು ಮತ್ತೆ ಹಾಕುವುದು ಯಾವುದನ್ನೂ ಮಾಡಬೇಡಿ. ಕಡೇ ದಿನಕ್ಕೆ ಬೇಕಾಗುವ ಫೈಲಿನ ಒಂದು ಪ್ರತಿಯನ್ನು ಹಿಂದಿನ ದಿನವೇ ನಿಮ್ಮ ಕಂಪ್ಯೂಟರಿಗೆ ಇಳಿಸಿಕೊಂಡಿರಿ.

ಪ್ರಶ್ನೆ: ಸಾಗರದ ಹತ್ತಿರದವಳು, ನಿವೃತ್ತ ಶಿಕ್ಷಕಿ. ನಮ್ಮ ಮನೆಯವರು ತೀರಿಕೊಂಡು ಮೂರು ವರ್ಷವಾಯಿತು. ಅವರ ಫೋಟೋ, ಅವರು ಹೇಳಿ ರೆಕಾರ್ಡ್ ಮಾಡಿಸಿದ ತಾಳಮದ್ದಳೆ ಅರ್ಥ, ಎಲ್ಲ ಒಂದು ಹಳೆಯ ಹಾರ್ಡ್ ಡಿಸ್ಕ್‌ನಲ್ಲಿದೆ. ಮಗ ಎಲ್ಲವನ್ನೂ ಕ್ಲೌಡ್‌ಗೆ ಹಾಕಿದ್ದಾನೆ. ‘ಅಲ್ಲಿ ಮೂರು ಪ್ರತಿ ಇರುತ್ತದೆ, ಇನ್ನು ಈ ಡಿಸ್ಕ್ ಬಿಸಾಕು ಅಮ್ಮ’ ಎನ್ನುತ್ತಾನೆ. ಬಿಸಾಕಲೇ?

ಉತ್ತರ: ಬೇಡಮ್ಮ, ದಯವಿಟ್ಟು ಬಿಸಾಕಬೇಡಿ. ನಿಮ್ಮ ಮಗ ಹೇಳುವುದು ಸುಳ್ಳಲ್ಲ. ಎಸ್3 ಸಂಗ್ರಹದ ಲೆಕ್ಕದ ಪ್ರಕಾರ ಒಂದು ಕೋಟಿ ಫೈಲ್ ಇಟ್ಟರೆ ಸರಾಸರಿ 10,000 ವರ್ಷಕ್ಕೊಂದು ಕಳೆಯಬಹುದು. ಆದರೆ ಆ ಲೆಕ್ಕದಲ್ಲಿ ಸೇರಿರುವುದು ಯಂತ್ರದ ಸಾವು ಮಾತ್ರ. ಮನುಷ್ಯರ ತಪ್ಪು ಅದರಲ್ಲಿ ಇಲ್ಲ.

ನನಗೆ ಇದು ತಿಳಿದದ್ದು 2009ರಲ್ಲಿ. ನಾನಿದ್ದ ಸಂಸ್ಥೆಯಲ್ಲಿ ಬೆಂಗಳೂರು ಮತ್ತು ಚೆನ್ನೈ ಎರಡೂ ಕಡೆ ಒಂದೇ ಮಾಹಿತಿ ಸೆಕೆಂಡುಗಳಲ್ಲಿ ಸಮವಾಗುವ ವ್ಯವಸ್ಥೆ ಇತ್ತು. ಒಂದು ರಾತ್ರಿ ಹಳೆಯ ಕಡತ ಅಳಿಸುವ ಪ್ರೋಗ್ರಾಮಿನಲ್ಲಿ ಫೋಲ್ಡರಿನ ಹೆಸರು ತಪ್ಪಾಗಿ, ಚಾಲ್ತಿಯ ಕಡತಗಳೇ ಅಳಿಸಿದವು. ಚೆನ್ನೈಯಲ್ಲಿ ಇರುತ್ತದೆಂದು ಅಲ್ಲಿಗೆ ಹೋಗಿ ನೋಡಿದೆ. ಅಲ್ಲಿಯೂ ಖಾಲಿ. ಎರಡೂ ಕಡೆ ಒಂದೇ ಥರ ಇರಬೇಕೆಂದು ನಾವೇ ಹೇಳಿಕೊಟ್ಟಿದ್ದೆವು, ಯಂತ್ರ ಹೇಳಿದಂತೆ ನಡೆದುಕೊಂಡಿತು. ಉಳಿಸಿದ್ದು ಬೀಗ ಹಾಕಿದ ಕಪಾಟಿನಲ್ಲಿದ್ದ ಬ್ಯಾಕಪ್ ಟೇಪುಗಳು. ಅವುಗಳಿಂದ ಮರಳಿ ತುಂಬಲು 31 ಗಂಟೆ ಹಿಡಿಯಿತು. ಅಷ್ಟೂ ಹೊತ್ತು ನಾನು ಆ ಕೋಣೆ ಬಿಟ್ಟು ಕದಲಲಿಲ್ಲ.

ದೊಡ್ಡವರಿಗೂ ಹೀಗಾಗಿದೆ. 2011ರ ಫೆಬ್ರವರಿ ಕೊನೆಯಲ್ಲಿ ಗೂಗಲ್‌ನ ಹೊಸ ಸಾಫ್ಟ್‌ವೇರ್ ದೋಷದಿಂದ ಜಿಮೇಲ್ ಬಳಕೆದಾರರಲ್ಲಿ ಶೇ. 0.02 ಮಂದಿಯ ಪತ್ರಗಳು ಮಾಯವಾದವು. ಬೇರೆ ಬೇರೆ ಡೇಟಾ ಸೆಂಟರ್‌ಗಳಲ್ಲಿದ್ದ ಪ್ರತಿಗಳಿಗೂ ಅದೇ ದೋಷ ತಾಗಿತ್ತು. ಅವರೂ ಟೇಪಿನಿಂದಲೇ ವಾಪಸ್ ತಂದರು. 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಯೂನಿಸೂಪರ್ ಎಂಬ ಪಿಂಚಣಿ ನಿಧಿಗೆ ಗೂಗಲ್ ಕ್ಲೌಡ್‌ನಲ್ಲಿದ್ದ ಏರ್ಪಾಡೇ ತಪ್ಪಿನಿಂದ ಅಳಿಸಿಹೋಯಿತು. ಎರಡು ಕಡೆ ಜೋಡಿ ಪ್ರತಿ ಇಟ್ಟಿದ್ದರು, ಎರಡೂ ಕಡೆ ಅಳಿಸಿತು. ಬೇರೊಂದು ಕಂಪನಿಯ ಬಳಿಯೂ ಬ್ಯಾಕಪ್ ಇಟ್ಟಿದ್ದರಿಂದ ಅವರು ಒಂದು ವಾರದಲ್ಲಿ ಎದ್ದು ನಿಂತರು.

ನಿಮ್ಮ ಮನೆಯ ಮಟ್ಟಿಗೆ ಹೇಳುತ್ತೇನೆ. ಫೋನಿನಿಂದ ಮೊಮ್ಮಗು ಆಟವಾಡುತ್ತಾ ಫೋಟೋ ಅಳಿಸಿದರೆ ಕ್ಲೌಡ್‌ನಲ್ಲೂ ಅಳಿಸಿಹೋಗಬಹುದು. ಗೂಗಲ್ ಡ್ರೈವ್ ಆದರೆ ಅದರ ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ, ಆಮೇಲೆ ಇಲ್ಲ. ಹಾಗಾಗಿ ಹಳೆಯ ಡಿಸ್ಕ್ ಇರಲಿ, ಆದರೆ ಅದೊಂದನ್ನೇ ನಂಬಬೇಡಿ, ಅದಕ್ಕೂ ವಯಸ್ಸಾಗಿದೆ. ಒಂದು ಹೊಸ ಡಿಸ್ಕ್ ತರಿಸಿ, ಎಲ್ಲವನ್ನೂ ಅದಕ್ಕೆ ನಕಲು ಮಾಡಿಸಿ, ತಂಗಿಯ ಮನೆಯಲ್ಲೋ ಮಗಳ ಮನೆಯಲ್ಲೋ ಇಡಿ. ನಿಮ್ಮ ಕಡೆಯ ಮಳೆಗಾಲದ ತೇವಕ್ಕೆ ಗಾಳಿಯಾಡದ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಪುಟ್ಟ ಚೀಲದ ಜೊತೆ ಇಟ್ಟರೆ ಒಳ್ಳೆಯದು.

ಮಗ ಮುಂದಿನ ಸಲ ಊರಿಗೆ ಬಂದಾಗ ಒಂದು ಕೆಲಸ ಮಾಡಿಸಿ. ಹಳೆಯ ಡಿಸ್ಕ್ ತೆಗೆದಿಟ್ಟು, ಬರೀ ಕ್ಲೌಡ್‌ನಿಂದ ತಾಳಮದ್ದಳೆಯ ಒಂದು ರೆಕಾರ್ಡಿಂಗ್ ಇಳಿಸಿ ಕೊನೆಯವರೆಗೂ ಹಾಕಲು ಹೇಳಿ. ಹೊಸ ಡಿಸ್ಕ್‌ನಿಂದಲೂ ಅದನ್ನೇ ಇನ್ನೊಮ್ಮೆ. ಫೈಲಿನ ಹೆಸರು ಕಂಡರೆ ಸಾಲದು, ಅವರ ದನಿ ಪೂರ್ತಿ ಕೇಳಿಸಬೇಕು. ಎಲ್ಲಾದರೂ ಅರ್ಧಕ್ಕೆ ನಿಂತರೆ ನನಗೆ ಬರೆಯಿರಿ, ಹಳೆಯ ಡಿಸ್ಕ್‌ಗೆ ಅಲ್ಲಿಯವರೆಗೆ ಬೇರೆ ಏನನ್ನೂ ತುಂಬಬೇಡಿ.